ಎಲ್ಕ್ ಬೇಟೆಗೆ ತಾಮ್ರದ ಗುಂಡೋ, ಸೀಸದ ಗುಂಡೋ? ತೂಕ ಬಿಡಿ, ವೇಗ ನೋಡಿ

ನನ್ನ ಮೇಜಿನ ಮೇಲೆ ಎರಡು ಗುಂಡುಗಳಿವೆ. ಎರಡೂ ಎಲ್ಕ್ ಎಂಬ, ನಮ್ಮ ಕಡವೆಯಂಥ ಅಮೆರಿಕದ ಪ್ರಾಣಿಯ ಮೈಯೊಳಗಿಂದ ತೆಗೆದವು. ಒಂದು ಸೀಸದ್ದು, ನಾಸ್ಲರ್ ಕಂಪನಿಯ ಪಾರ್ಟಿಶನ್ ಎಂಬ ಗುಂಡು. ಹೊಡೆಯುವಾಗ 180 ಗ್ರೇನ್ ಇತ್ತು, ಈಗ ತೂಗಿದರೆ 117. ಇನ್ನೊಂದು ತಾಮ್ರದ್ದು. ಹೊಡೆಯುವಾಗ 168, ಈಗ 166. ಮೊದಲನೆಯದು ಜಜ್ಜಿದ ಅಣಬೆಯ ಥರ ಇದೆ, ಎರಡನೆಯದು ನಾಲ್ಕು ದಳ ಬಿಚ್ಚಿಕೊಂಡು ಥೇಟ್ ಕೇಪಳದ ಹೂವು. ನೋಡಿದವರೆಲ್ಲ ತಾಮ್ರದ್ದನ್ನೇ ಕೈಗೆತ್ತಿಕೊಂಡು ಎಷ್ಟು ಚಂದ ಅಂತಾರೆ. ನಾನು ಮಾತ್ರ ಸೀಸದ್ದನ್ನು ತೋರಿಸಿ ಕೇಳುತ್ತೇನೆ: ಉಳಿದ 63 ಗ್ರೇನ್, ಅಂದರೆ ಸುಮಾರು ನಾಲ್ಕು ಗ್ರಾಂ, ಎಲ್ಲಿ ಹೋಯಿತು?

ಹೋಗಿದ್ದು ಎಲ್ಲಿಗೂ ಇಲ್ಲ. ಅಷ್ಟೂ ಎಲ್ಕ್ ಮೈಯಲ್ಲೇ ಚೂರುಚೂರಾಗಿ ಉಳಿಯಿತು. ಆ ಚೂರುಗಳೇ ಎಲ್ಕನ್ನು ಬೇಗ ಬೀಳಿಸುತ್ತವೆ, ಆ ಚೂರುಗಳೇ ತಿನ್ನುವ ಬಾಡಿನೊಳಗೂ ಸೇರುತ್ತವೆ. ತಾಮ್ರವೋ ಸೀಸವೋ ಅನ್ನೋ ಜಗಳ ಪೂರ್ತಿ ಇಷ್ಟೇ. ಆದರೆ ಯಾವುದನ್ನು ಕೊಳ್ಳಬೇಕು ಅನ್ನೋದಕ್ಕೆ ಇಷ್ಟು ತಿಳಿದರೆ ಸಾಲದು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ನಮ್ಮನೇಲಿ ಕೋವಿ ಇತ್ತು, ಬೇಟೆ ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಾಗ ನಮ್ಮಪ್ಪನೇ ಇನ್ನೂ ಹುಡುಗ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂವಿಟ್ಟು ಪೂಜೆ ಮಾಡೋದು, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯೋದು, ಅಷ್ಟೇ ನನ್ನ ಅನುಭವ. ಕೊಲೊರಾಡೊಗೆ ಬಂದ ಮೇಲೆ ಆಫೀಸಿನ ಗೆಳೆಯರ ಜೊತೆ ಎಲ್ಕ್ ಬೇಟೆಗೆ ಹೋಗತೊಡಗಿದೆ. ಮೊದಲ ನಾಲ್ಕು ವರ್ಷ ಸೀಸ, ಆಮೇಲೆ ತಾಮ್ರ. ಎರಡರಿಂದಲೂ ಎಲ್ಕ್ ಬಿದ್ದಿದೆ, ಎರಡರಲ್ಲೂ ಪೆಟ್ಟು ತಿಂದಿದ್ದೇನೆ. ಇಲ್ಲಿ ಬೇಟೆ ಆಡುವ ಕನ್ನಡದವರು ಕಮ್ಮಿ. ಆದರೆ ಇರುವವರೆಲ್ಲ ಆಗಸ್ಟ್ ಬಂತೆಂದರೆ ಫೋನ್ ಮಾಡಿ ಇದನ್ನೇ ಕೇಳ್ತಾರೆ.

ಮೊದಲು ಎಲ್ಕ್ ಎಷ್ಟು ದೊಡ್ಡದು ಅಂತ ತಿಳ್ಕೊಳ್ಳಿ

ಜಿಂಕೆ ಅಂದುಕೊಂಡು ಹೋಗಬೇಡಿ. ರಾಕಿ ಬೆಟ್ಟಸಾಲಿನ ಗಂಡು ಎಲ್ಕ್ ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು 225ರ ಆಸುಪಾಸು. ನಮ್ಮ ಕಡವೆಯ ದಾಯಾದಿ ಅನ್ನಿ, ಆದರೆ ಎದೆ ಇನ್ನೂ ಅಗಲ, ಹೆಗಲ ಮೂಳೆ ಇನ್ನೂ ದಪ್ಪ, ತೊಗಲಿನ ಮೇಲೆ ಚಳಿಗಾಲಕ್ಕೆ ಬೆಳೆದ ಒತ್ತು ಕೂದಲು ಬೇರೆ. ಮತ್ತೆ ಇದಕ್ಕೆ ಹಠ ಜಾಸ್ತಿ. ಶ್ವಾಸಕೋಶ ಎರಡೂ ತೂತಾಗಿದ್ದರೂ ನೂರು ಗಜ ನಡೆದು, ಕಡಿದಾದ ಕಣಿವೆಗೆ ಇಳಿದೇ ಬೀಳುತ್ತದೆ. ಯಾವಾಗಲೂ ಕಣಿವೆಗೇ ಇಳಿಯೋದು. ಬೆಟ್ಟ ಹತ್ತಿ ಬಿದ್ದ ಎಲ್ಕನ್ನು ನಾನಂತೂ ನೋಡಿಲ್ಲ.

ಹಾಗಾಗಿ ಗುಂಡಿಗೆ ಎರಡು ಕೆಲಸ. ಮೂಳೆ ಅಡ್ಡ ಬಂದರೂ ಒಡೆದುಕೊಂಡು ಆಳಕ್ಕೆ ಹೋಗಬೇಕು. ಹೋಗುವ ದಾರಿಯಲ್ಲಿ ಅಗಲವಾಗಿ ಬಿಚ್ಚಿಕೊಂಡು ಹಾನಿ ಮಾಡಬೇಕು. ಆಳಕ್ಕೆ ಹೋಗುವುದರಲ್ಲಿ ತಾಮ್ರವನ್ನು ಮೀರಿಸೋರಿಲ್ಲ. ಬಿಚ್ಚಿಕೊಳ್ಳುವುದರಲ್ಲೇ ಅದರ ಕಿರಿಕಿರಿ ಇರೋದು.

ಬಿಚ್ಚಿಕೊಳ್ಳುವ ಗುಟ್ಟು

ಮಾಮೂಲಿ ಗುಂಡು ಅಂದರೆ ಒಳಗೆ ಮೆತ್ತನೆಯ ಸೀಸ, ಹೊರಗೆ ತೆಳ್ಳನೆ ತಾಮ್ರದ ಹೊದಿಕೆ. ಸೀಸ ಮೆತ್ತಗಿರೋದರಿಂದ ನಿಧಾನಕ್ಕೆ ಬಡಿದರೂ ಚಪ್ಪಟೆಯಾಗುತ್ತದೆ. ಜೋರಾಗಿ ಬಡಿದರೆ ಸಿಡಿದು ಚೂರಾಗುತ್ತದೆ. ಹೆಗಲ ಮೂಳೆಗೆ ಹತ್ತಿರದಿಂದ ಬಡಿದ ಅಗ್ಗದ ಸೀಸದ ಗುಂಡು ಅಲ್ಲೇ ಪುಡಿಯಾಗಿ ಒಳಗೇ ಹೋಗದಿರುವುದೂ ಉಂಟು. ಈ ತೊಂದರೆಗೆ ಉತ್ತರವಾಗಿ ಜಾನ್ ನಾಸ್ಲರ್ ಎಂಬಾತ ಪಾರ್ಟಿಶನ್ ಮಾಡಿದ. 1946ರಲ್ಲಿ ಕೆನಡಾದಲ್ಲಿ ಒಂದು ಮೂಸ್ (ಎಲ್ಕ್‌ಗಿಂತ ದೊಡ್ಡ ಕಡವೆ ಜಾತಿ) ಅವನ ಗುಂಡುಗಳಿಗೆ ಜಗ್ಗಲಿಲ್ಲ. ಅಲ್ಲಿಂದ ಬಂದವನೇ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಒಡೆದು ಹೋದರೂ ಹಿಂದಿನ ಅರ್ಧ ನುಗ್ಗುತ್ತದೆ. 1948ರಿಂದ ಮಾರಾಟಕ್ಕಿದೆ, ಇವತ್ತಿಗೂ ಕೆಲಸ ಮಾಡುತ್ತದೆ. ನನ್ನ ಮೇಜಿನ ಮೇಲಿನ 117 ಗ್ರೇನ್ ಅಂಥದ್ದೇ ಹಿಂದಿನ ಅರ್ಧ.

ತಾಮ್ರದ ಗುಂಡು ಪೂರ್ತಿ ಒಂದೇ ತುಂಡು. ಮೂತಿಯಲ್ಲಿ ಒಂದು ತೂತು ಕೊರೆದಿರುತ್ತಾರೆ. ಮೈಯೊಳಗೆ ಹೊಕ್ಕಾಗ ನೀರು ನೆತ್ತರು ಆ ತೂತಿಗೆ ರಭಸವಾಗಿ ನುಗ್ಗಿ, ಒಳಗಿನಿಂದ ಒತ್ತಿ, ಮೂತಿಯನ್ನು ದಳದಳವಾಗಿ ಸೀಳುತ್ತದೆ. ಅಂದರೆ ಬಿಚ್ಚಿಕೊಳ್ಳೋಕೆ ಒತ್ತಡ ಬೇಕು, ಒತ್ತಡಕ್ಕೆ ವೇಗ ಬೇಕು. ವೇಗ ಸಾಲದಿದ್ದರೆ ದಳ ಬಿಚ್ಚೋದಿಲ್ಲ, ಬಾಳೆದಿಂಡಿಗೆ ದಬ್ಬಣ ಚುಚ್ಚಿದ ಹಾಗೆ ಈ ಕಡೆಯಿಂದ ಹೊಕ್ಕು ಆ ಕಡೆ ಹೊರಡುತ್ತದೆ. ಎಲ್ಕ್ ಸಾಯುತ್ತದೆ, ಆದರೆ ಎಲ್ಲೋ ಹೋಗಿ, ನಿಮಗೆ ಸಿಗದ ಕಡೆ. ತಾಮ್ರ ಸರಿಯಿಲ್ಲ ಅಂತ ದೂರುವವರನ್ನು ಕೂರಿಸಿ ವಿಚಾರಿಸಿ: ಎಷ್ಟು ಗಜ, ಎಷ್ಟು ಗ್ರೇನ್, ಯಾವ ರೈಫಲ್. ಹತ್ತರಲ್ಲಿ ಏಳು ಸಲ ಉತ್ತರ ಒಂದೇ. ತುಂಬಾ ದೂರದಿಂದ, ತುಂಬಾ ಭಾರದ ಗುಂಡಿನಲ್ಲಿ ಹೊಡೆದಿರ್ತಾರೆ.

ಈ ಥರದ ಗುಂಡನ್ನು ಅಂಗಡಿಗೆ ತಂದದ್ದು ಬಾರ್ನ್ಸ್ ಎಂಬ ಕಂಪನಿ. ಅದರ ಒಡೆಯ ರ‍್ಯಾಂಡಿ ಬ್ರೂಕ್ಸ್ 1989ರಲ್ಲಿ ಎಕ್ಸ್ ಎಂಬ ಗುಂಡು ಬಿಟ್ಟ. ಆ ಮೊದಲ ಗುಂಡುಗಳು ನಳಿಕೆಯೊಳಗೆ ತಾಮ್ರ ಅಂಟಿಸಿ ಅಂಟಿಸಿ ಗುರಿ ಕೆಡಿಸುತ್ತಿದ್ದವು. ತಾಮ್ರದ ಬಗ್ಗೆ ಇವತ್ತಿಗೂ ಕೇಳುವ ಎಷ್ಟೋ ದೂರುಗಳು ಆ ಕಾಲದ್ದೇ. 2003ರಲ್ಲಿ ಗುಂಡಿನ ಸುತ್ತ ಉಂಗುರದ ಹಾಗೆ ಗೀರು ತೆಗೆದು ಟಿಎಸ್‌ಎಕ್ಸ್ ಮಾಡಿದ ಮೇಲೆ ಆ ಕಾಟ ಬಹಳ ಮಟ್ಟಿಗೆ ತಪ್ಪಿತು. ಆಮೇಲೆ ಮೂತಿಗೆ ಪ್ಲಾಸ್ಟಿಕ್ ತುದಿ ಕೂರಿಸಿ ಟಿಟಿಎಸ್‌ಎಕ್ಸ್ ಬಂತು. ಬಡಿದ ಕ್ಷಣ ಆ ತುದಿ ಹಿಂದಕ್ಕೆ ಒತ್ತಿ ದಳ ಬಿಚ್ಚಲು ಸಹಾಯ ಮಾಡುತ್ತದೆ. ಬರೀ ತೂತಿನ ಟಿಎಸ್‌ಎಕ್ಸ್‌ಗಿಂತ ತುದಿ ಇರುವುದೇ ವಾಸಿ. ಎಲ್ಕ್‌ಗೆ ಎರಡೂ ಸಿಕ್ಕಿದರೆ ಯೋಚನೆ ಮಾಡದೆ ತುದಿಯದ್ದು ತಗೊಳ್ಳಿ.

ಒಂದೇ ಲೆಕ್ಕ ನೆನಪಿಡಿ: ಸೆಕೆಂಡಿಗೆ 2,000 ಅಡಿ

ಕಂಪನಿಗಳು ತಮ್ಮ ಗುಂಡು 1,800 ಅಡಿ ವೇಗಕ್ಕೂ ಬಿಚ್ಚುತ್ತದೆ, ಕೆಲವು ಅದಕ್ಕಿಂತ ಕಮ್ಮಿಗೂ ಬಿಚ್ಚುತ್ತದೆ ಅಂತ ಬರೆದಿರುತ್ತವೆ. ಸುಳ್ಳಲ್ಲ. ಆದರೆ ಬಿಚ್ಚೋಕೆ ಶುರುವಾಗೋದು ಬೇರೆ, ಪೂರ್ತಿ ಬಿಚ್ಚೋದು ಬೇರೆ. ಮೊಗ್ಗಿಗೂ ಹೂವಿಗೂ ಇರುವ ಅಂತರ. ಎಲ್ಕ್‌ಗೆ ಬಡಿಯುವ ಹೊತ್ತಿಗೆ ಸೆಕೆಂಡಿಗೆ 2,000 ಅಡಿ ಉಳಿದಿರಬೇಕು ಅನ್ನೋದು ನನ್ನ ಗೆರೆ. ಅದರಾಚೆ ಟ್ರಿಗರ್ ಮುಟ್ಟೋದಿಲ್ಲ.

ಉದಾಹರಣೆಗೆ 30-06 ರೈಫಲ್ ತಗೊಳ್ಳಿ (ಈ ಥರದ ಅಂಕಿಗಳು ರೈಫಲ್ ಯಾವ ತೋಟೆಯದ್ದು ಅಂತ ಹೇಳುತ್ತವೆ). ಇಲ್ಲಿನ ಅಜ್ಜಂದಿರಿಂದ ಹಿಡಿದು ಎಲ್ಲರ ಮನೇಲೂ ಇರುವಂಥದ್ದು. ಅದರಲ್ಲಿ 168 ಗ್ರೇನ್ ಟಿಟಿಎಸ್‌ಎಕ್ಸ್ ಸುಮಾರು 2,800 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ 2,400 ಆಸುಪಾಸು, 300ಕ್ಕೆ 2,200, 400 ಗಜಕ್ಕೆ 2,050ರ ಹತ್ತಿರ. ಅಲ್ಲಿಗೆ ಗೆರೆ ಮುಟ್ಟಿತು. ಇದು ಸಮುದ್ರಮಟ್ಟದ ಲೆಕ್ಕ. ಎಲ್ಕ್ ಇರೋದು ಎಂಟು-ಹತ್ತು ಸಾವಿರ ಅಡಿ ಎತ್ತರದಲ್ಲಿ, ಅಲ್ಲಿ ಗಾಳಿ ತೆಳ್ಳಗಿರೋದರಿಂದ ವೇಗ ಇನ್ನೊಂಚೂರು ಉಳಿಯುತ್ತದೆ. ಅದನ್ನು ಬೋನಸ್ ಅಂದುಕೊಳ್ಳಿ, ಲೆಕ್ಕಕ್ಕೆ ಹಿಡಿಯಬೇಡಿ. ಅಷ್ಟೇ ಅಲ್ಲ, ತೋಟೆಯ ಪೆಟ್ಟಿಗೆ ಮೇಲೆ ಬರೆದ ವೇಗ ಸಾಮಾನ್ಯವಾಗಿ 24 ಇಂಚಿನ ನಳಿಕೆಯದ್ದು. ನಿಮ್ಮ ರೈಫಲ್ಲಿನ ನಳಿಕೆ 20 ಇಂಚಿದ್ದರೆ ನೂರು ಅಡಿಯಷ್ಟಾದರೂ ಕಳೆಯಿರಿ. ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಯಾರದ್ದಾದರೂ ವೇಗ ಅಳೆಯುವ ಕ್ರೋನೋಗ್ರಾಫ್ ಇಸ್ಕೊಂಡು ಒಂದು ಸಲ ಅಳೆದುಬಿಡಿ, ಊಹೆಯ ಕೆಲಸವೇ ಬೇಡ.

ಈಗ ತೂಕದ ವಿಷಯ. ಸೀಸದ ಕಾಲದಲ್ಲಿ ಎಲ್ಕ್ ಅಂದರೆ ಭಾರದ ಗುಂಡು, 180 ಇಲ್ಲವೇ 200 ಗ್ರೇನ್. ಯಾಕೆ ಅಂದರೆ ಮೂರನೇ ಒಂದು ಭಾಗ ದಾರಿಯಲ್ಲೇ ಉದುರುತ್ತಿತ್ತು, ಅದಕ್ಕೆ ಮೊದಲೇ ಜಾಸ್ತಿ ತುಂಬಿಕೊಂಡು ಹೋಗುತ್ತಿದ್ದರು. ತಾಮ್ರ ಉದುರೋದಿಲ್ಲ. 168ರಲ್ಲಿ 166 ಉಳಿದದ್ದನ್ನು ನೋಡಿದಿರಲ್ಲ. ಹಾಗಾಗಿ ಒಂದು ಮೆಟ್ಟಿಲು ಇಳಿಯಿರಿ. ಸೀಸದಲ್ಲಿ 180 ಹೊಡೆಯುತ್ತಿದ್ದವರು ತಾಮ್ರದಲ್ಲಿ 165-168, 165 ಹೊಡೆಯುತ್ತಿದ್ದವರು 150. ಹಗುರ ಆದಷ್ಟೂ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ದಳ ಚೆನ್ನಾಗಿ ಬಿಚ್ಚುತ್ತದೆ.

ಇಳಿಯೋದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ತಾಮ್ರ ತೂಗೋದು ಬರೀ 9. ಅಷ್ಟೇ ತೂಕ ಬೇಕಂದರೆ ಗುಂಡು ಉದ್ದ ಆಗಬೇಕು. ಉದ್ದದ ಗುಂಡನ್ನು ನೆಟ್ಟಗೆ ಹಾರಿಸೋಕೆ ನಳಿಕೆಯ ಸುರುಳಿ ಗೀರು ಬಿಗಿಯಾಗಿರಬೇಕು, ಇಲ್ಲದಿದ್ದರೆ ಬುಗುರಿ ತೂರಾಡುವ ಹಾಗೆ ತೂರಾಡುತ್ತದೆ. 30-06ರಲ್ಲಿ ಹತ್ತು ಇಂಚಿಗೊಂದು ಸುತ್ತು ಇರುತ್ತದೆ, ತೊಂದರೆ ಇಲ್ಲ. ಹಳೇ .308 ರೈಫಲ್ ಕೆಲವಕ್ಕೆ ಹನ್ನೆರಡು ಇಂಚಿಗೊಂದು ಸುತ್ತು. ಅಂಥದ್ದಕ್ಕೆ 168 ಹಾಕಬೇಡಿ, 150ಕ್ಕೆ ನಿಲ್ಲಿ.

ನಿಮ್ಮ ಕೈಯಲ್ಲಿರುವ ರೈಫಲ್ಲಿಗೆ ಯಾವುದು

ಗುಂಡಿಗಾಗಿ ರೈಫಲ್ ಕೊಳ್ಳುವವರು ಇದ್ದಾರೆ, ಅವರ ವಿಷಯ ಬೇಡ. ಇರುವ ರೈಫಲ್ಲಿಗೆ ಯಾವ ಗುಂಡು, ಎಷ್ಟು ದೂರ ಅಂತ ನಾನು ಹೇಳೋದು ಇದು.

30-06ಕ್ಕೆ 165 ಅಥವಾ 168 ಗ್ರೇನ್, 400 ಗಜ. .308ಕ್ಕೆ 150 ಗ್ರೇನ್, 350 ಗಜಕ್ಕೆ ಸಾಕು. .270ಕ್ಕೆ 130 ಗ್ರೇನ್. ಈ ಹಳೇ ರೈಫಲ್ ತಾಮ್ರದಿಂದ ಹೊಸ ಜನ್ಮ ಪಡೆದಿದೆ ಅಂತ ನನ್ನ ಅನಿಸಿಕೆ. ಸೀಸದಲ್ಲಿ ಎಲ್ಕ್‌ಗೆ ಸಣ್ಣದು ಅಂತ ಮೂಗು ಮುರಿಯುತ್ತಿದ್ದವರೂ ಈಗ ಸುಮ್ನಿದ್ದಾರೆ. 3,000 ಅಡಿ ದಾಟಿ ಹೊರಡುತ್ತದೆ, 400 ಗಜದವರೆಗೂ ವೇಗ ಉಳಿಸಿಕೊಳ್ಳುತ್ತದೆ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್‌ಗೆ 140ರಿಂದ 150 ಗ್ರೇನ್, .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ 165 ಅಥವಾ 180. ಇವೆರಡರಲ್ಲಿ 450-500 ಗಜಕ್ಕೂ ವೇಗ ಸಾಲುತ್ತದೆ. ನಿಮ್ಮ ಗುರಿ ಅಷ್ಟು ದೂರಕ್ಕೆ ಸಾಲುತ್ತದಾ ಅನ್ನೋದು ಬೇರೆ ಮಾತು. ಬೆಟ್ಟ ಹತ್ತಿ ಏದುಸಿರು ಬಿಡುತ್ತಾ, ಅಡ್ಡಗಾಳಿಯಲ್ಲಿ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯುವಾಗ ನನ್ನದಂತೂ ಸಾಲೋದಿಲ್ಲ.

6.5 ಕ್ರೀಡ್‌ಮೂರ್ ಬಗ್ಗೆ ಎಲ್ಲರೂ ಕೇಳ್ತಾರೆ, ಯಾಕಂದರೆ ಹೊಸದಾಗಿ ಕೊಂಡವರ ಕೈಲೆಲ್ಲ ಅದೇ. ಒದೆತ ಕಮ್ಮಿ, ಗುರಿ ಚೆನ್ನಾಗಿದೆ. 120 ಅಥವಾ 127 ಗ್ರೇನ್ ತಾಮ್ರ ಹಾಕಿ 300 ಗಜದೊಳಗೆ ಹೆಣ್ಣು ಎಲ್ಕ್ ಹೊಡೆಯೋಕೆ ಧಾರಾಳ. ಅದರಲ್ಲಿ ಸೀಸಕ್ಕಿಂತ ತಾಮ್ರವೇ ಮೇಲು ಅಂತೀನಿ, ಸಣ್ಣ ಗುಂಡಿಗೆ ಆಳವೇ ಆಧಾರ. .243 ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಕೊಲೊರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಗುಂಡು ಇರಬೇಕು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಇರಬೇಕು, ಗುಂಡು ಬಿಚ್ಚಿಕೊಳ್ಳುವಂಥದ್ದೇ ಆಗಿರಬೇಕು. ತಾಮ್ರದಲ್ಲಿ ಹೆಸರಾದ 80 ಗ್ರೇನ್ ಟಿಟಿಎಸ್‌ಎಕ್ಸ್ ಇಲ್ಲಿ ಎಲ್ಕ್‌ಗೆ ಕಾನೂನುಬದ್ಧ ಅಲ್ಲ. 85 ಗ್ರೇನಿನ ಟಿಎಸ್‌ಎಕ್ಸ್ ಇದೆ, ಅದು ನಡೆಯುತ್ತದೆ. ಆದರೂ ಗೆಳೆಯರ ಹತ್ತಿರ ದೊಡ್ಡ ರೈಫಲ್ ಇದ್ದರೆ ಕೇಳಿ ಪಡೆಯಿರಿ.

ತಾಮ್ರದೊಳಗೇ ಯಾವ ತಾಮ್ರ

ಬಾರ್ನ್ಸ್ ಟಿಟಿಎಸ್‌ಎಕ್ಸ್ ನನ್ನ ಮಾಮೂಲಿ ಆಯ್ಕೆ. ಎಲ್ಲ ಕಡೆ ಸಿಗುತ್ತದೆ, ದಳ ಉದುರೋದು ಅಪರೂಪ. ಅದೇ ಮನೆಯ ಎಲ್‌ಆರ್‌ಎಕ್ಸ್ ಉದ್ದ ಮೂತಿಯದ್ದು, ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಕಮ್ಮಿ ವೇಗಕ್ಕೂ ಬಿಚ್ಚುವ ಹಾಗೆ ಮಾಡಿದ್ದಾರೆ. 350ರಿಂದ 450 ಗಜದ ಬಯಲಿನಲ್ಲಿ ಬೇಟೆಯಾಡುವವರಿಗೆ ಅದು ಸರಿ, ಕಾಡಿನೊಳಗೆ ನೂರು ಗಜಕ್ಕೆ ಹೊಡೆಯುವವರು ಆ ಹೆಚ್ಚಿನ ದುಡ್ಡು ಕೊಡೋದು ದಂಡ. ಹಾರ್ನಡಿ ಕಂಪನಿಯವರು ಮೊದಲು ಜಿಎಂಎಕ್ಸ್ ಅಂತ ಮಾಡುತ್ತಿದ್ದರು, 95 ಭಾಗ ತಾಮ್ರ 5 ಭಾಗ ಸತು. ಅದರ ಜಾಗಕ್ಕೆ 2022ರಲ್ಲಿ ಸಿಎಕ್ಸ್ ಬಂತು. ಬೆಲೆ ಸ್ವಲ್ಪ ಕಮ್ಮಿ, ನನ್ನ ಗೆಳೆಯನ ರೈಫಲ್ಲಿನಲ್ಲಿ ಬಾರ್ನ್ಸ್‌ಗಿಂತ ಚೆನ್ನಾಗಿ ಗುರಿ ಹಿಡಿಯುತ್ತದೆ. ನಾಸ್ಲರ್ ಇ-ಟಿಪ್, ಫೆಡರಲ್ ಟ್ರೋಫಿ ಕಾಪರ್, ವಿಂಚೆಸ್ಟರ್ ಕಾಪರ್ ಇಂಪ್ಯಾಕ್ಟ್ ಇವೆಲ್ಲ ಒಂದೇ ಜಾತಿ: ತುದಿ, ತೂತು, ದಳ. ಇವುಗಳಲ್ಲಿ ಯಾವುದು ಮೇಲು ಅಂತ ಕೂದಲು ಸೀಳಬೇಡಿ. ನಿಮ್ಮ ನಳಿಕೆಗೆ ಯಾವುದು ಇಷ್ಟವೋ ಅದೇ ಮೇಲು.

ಮೊಂಟಾನಾದ ಹ್ಯಾಮರ್ ಮಾತ್ರ ಬೇರೆ ಜಾತಿ. ಅದರ ದಳಗಳು ಬಿಚ್ಚಿ ನಿಲ್ಲೋದಿಲ್ಲ, ಬೇಕೆಂದೇ ಮುರಿದು ಸುತ್ತಲೂ ಹಾರುತ್ತವೆ. ಹಿಂದಿನ ಕಟ್ಟಿಗೆಯಂಥ ತುಂಡು ನೆಟ್ಟಗೆ ಮುಂದಕ್ಕೆ ಹೋಗುತ್ತದೆ. ಸೀಸದ ಹಾಗೆ ಬೇಗ ಬೀಳಿಸುವ ಗುಣ, ತಾಮ್ರದ ಹಾಗೆ ಆಳ, ಎರಡೂ ಸಿಗುತ್ತದೆ. ಆದರೆ ಸ್ವಂತ ತೋಟೆ ತುಂಬಿಕೊಳ್ಳುವವರೇ ಹೆಚ್ಚಾಗಿ ಇದನ್ನು ಬಳಸೋದು. ತುಂಬುವವರಿಗೆ ಎರಡು ಮಾತು: ಉದ್ದದ ಗುಂಡು ತೋಟೆಯೊಳಗೆ ಮದ್ದಿನ ಜಾಗ ತಿನ್ನುತ್ತದೆ, ಸೀಸದ ಗುಂಡಿನ ಮದ್ದಿನ ಅಳತೆ ಇದಕ್ಕೆ ಹಾಕಲೇಬೇಡಿ. ಮತ್ತೆ ಗುಂಡನ್ನು ನಳಿಕೆಯ ಗೀರಿಗೆ ತಾಗುವಂತೆ ಕೂರಿಸಬೇಡಿ, 0.05 ಇಂಚಾದರೂ ಜಾಗ ಬಿಟ್ಟು ನೋಡಿ.

ಸೀಸ ಗೆಲ್ಲುವುದು ಎಲ್ಲಿ

ತಾಮ್ರ ಅಂದರೆ ದೇವರು ಅನ್ನೋ ಹಾಗೆ ಮಾತಾಡುವವರು ಇದನ್ನು ಹೇಳೋದಿಲ್ಲ, ನಾನು ಹೇಳ್ತೀನಿ. 500 ಗಜದಾಚೆ ತಾಮ್ರ ಬೇಡ. ಅಷ್ಟು ದೂರದಲ್ಲಿ ವೇಗ 1,800ಕ್ಕೆ, ಇನ್ನೂ ಕೆಳಗೆ ಇಳಿದಿರುತ್ತದೆ. ಅಲ್ಲಿ ಬೇಕಾದದ್ದು ನಿಧಾನಕ್ಕೂ ಬಿಚ್ಚುವ ಸೀಸ. ನಾಸ್ಲರಿನ ಅಕ್ಯುಬಾಂಡ್ ಲಾಂಗ್ ರೇಂಜ್ 1,300 ಅಡಿ ವೇಗಕ್ಕೂ ಬಿಚ್ಚುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಗಾಳಿ ಸೀಳುವುದರಲ್ಲೂ ಸೀಸವೇ ಮುಂದು. 168 ಟಿಟಿಎಸ್‌ಎಕ್ಸ್‌ನ ಬಿ.ಸಿ. (ಗಾಳಿ ಸೀಳುವ ಗುಣದ ಅಂಕಿ) 0.470, 180 ಅಕ್ಯುಬಾಂಡ್‌ದು 0.507, ಹಾರ್ನಡಿಯ 178 ಇಎಲ್‌ಡಿ-ಎಕ್ಸ್‌ದು 0.552. ಈ ಅಂಕಿ ದೊಡ್ಡದಾದಷ್ಟೂ ಗುಂಡು ವೇಗ ಕಳೆದುಕೊಳ್ಳೋದು ಕಮ್ಮಿ, ಗಾಳಿಗೆ ಪಕ್ಕಕ್ಕೆ ಸರಿಯೋದೂ ಕಮ್ಮಿ.

ಹಳೇ ನಿಧಾನದ ರೈಫಲ್ ಇದ್ದರೂ ಸೀಸವೇ ಸರಿ. ಮೋಟು ನಳಿಕೆಯ 30-30 ಥರದ್ದು ಹೊರಡುವಾಗಲೇ 2,200ರ ಆಸುಪಾಸು, ನೂರು ಗಜ ದಾಟುವ ಹೊತ್ತಿಗೆ ನನ್ನ ಗೆರೆಯ ಕೆಳಗೆ. ಅದಕ್ಕಾಗಿಯೇ ದೊಡ್ಡ ತೂತು ಕೊರೆದ ತಾಮ್ರದ ಗುಂಡುಗಳಿವೆ, ಆದರೆ ಅಂಥ ರೈಫಲ್ ಎಲ್ಕ್‌ಗೆ ಯಾಕೆ ಅಂತ ನಾನು ಕೇಳ್ತೀನಿ.

ಸೀಸ ಅಂದರೆ ಎಲ್ಲ ಒಂದೇ ಅಲ್ಲ, ಇದನ್ನೂ ನೆನಪಿಡಿ. ಹೊದಿಕೆಗೆ ಸೀಸವನ್ನು ಬೆಸೆದ ಗುಂಡುಗಳು, ಅಂದರೆ ಅಕ್ಯುಬಾಂಡ್, ಸ್ವಿಫ್ಟ್ ಎ-ಫ್ರೇಮ್, ಫೆಡರಲ್ ಟರ್ಮಿನಲ್ ಅಸೆಂಟ್, ಇವು ಬೇಗ ಚೂರಾಗೋದಿಲ್ಲ. ಎ-ಫ್ರೇಮ್ ಅಂತೂ ತೂಕ ಉಳಿಸಿಕೊಳ್ಳೋದರಲ್ಲಿ ತಾಮ್ರದ ಹತ್ತಿರ ಹತ್ತಿರ ಬರುತ್ತದೆ. ಸೀಸವೇ ಬೇಕು ಅನ್ನುವವರು ಎಲ್ಕ್‌ಗೆ ಈ ಗುಂಪಿನಿಂದಲೇ ಆರಿಸಿ, ಜಿಂಕೆಗೆ ಅಂತ ಮಾರುವ ಅಗ್ಗದ್ದನ್ನು ಮುಟ್ಟಬೇಡಿ.

ಎಲ್ಲಿಗೆ ಹೊಡೆಯೋದು

ಇಲ್ಲೇ ಜನ ಎಡವೋದು, ನಾವೂ ಎಡವಿದ್ದು. ಮೈಸೂರಿನ ಗೆಳೆಯನೊಬ್ಬ ಮೀಕರ್ ಊರಿನ ಹತ್ತಿರದ ಬೆಟ್ಟದಲ್ಲಿ 280 ಗಜಕ್ಕೆ ಒಂದು ಹೆಣ್ಣಿಗೆ ಹೊಡೆದ. .300 ಮ್ಯಾಗ್ನಮ್, 180 ಗ್ರೇನ್ ತಾಮ್ರ. ಪುಸ್ತಕದಲ್ಲಿ ಹೇಳಿದ ಹಾಗೆ ಮುಂಗಾಲಿನ ಹಿಂದಿನ ಮಡಿಕೆಯಲ್ಲೇ ಬಿತ್ತು, ಪಕ್ಕೆಲುಬಿನ ನಡುವೆ. ಎಲ್ಕ್ ಒಮ್ಮೆ ಬೆನ್ನು ಕುಗ್ಗಿಸಿತು, ಆಮೇಲೆ ಏನೂ ಆಗದ ಹಾಗೆ ಹಿಂಡಿನ ಜೊತೆ ನಡೆದು ದಟ್ಟ ಮರಗಳೊಳಗೆ ಹೋಯಿತು. ಮೊದಲ ಅರವತ್ತು ಹೆಜ್ಜೆಯಲ್ಲಿ ಒಂದು ತೊಟ್ಟು ನೆತ್ತರಿಲ್ಲ. ಇವನು ತಪ್ಪಿತು ಅಂತ ಕೂತುಬಿಟ್ಟ. ಹುಡುಕಿ ಹುಡುಕಿ ಎರಡು ಗಂಟೆಗೆ ಸಿಕ್ಕಿತು, ಹೊಡೆದಲ್ಲಿಂದ ಒಂದು ನೂರೈವತ್ತು ಗಜ ದೂರ. ಕೊಯ್ದು ನೋಡಿದರೆ ಶ್ವಾಸಕೋಶ ಎರಡೂ ತೂತು, ಗುಂಡು ಮಾಡಬೇಕಾದದ್ದು ಮಾಡಿತ್ತು. ಆದರೆ ಅಲ್ಲಿ ತಡೆಯೋದಕ್ಕೆ ಮೂಳೆ ಇರಲಿಲ್ಲ, ಚೂರಾಗಿ ಹರಡೋದಕ್ಕೆ ಸೀಸ ಇರಲಿಲ್ಲ, ತೂತು ಸಣ್ಣದಾಯಿತು.

ಸೀಸದಲ್ಲಿ ಮುಂಗಾಲಿನ ಹಿಂದೆ ಹೊಡೆಯಿರಿ ಅಂತ ಕಲಿಸುತ್ತಾರೆ, ಯಾಕಂದರೆ ಹೆಗಲಿಗೆ ಬಡಿದರೆ ಗುಂಡು ಒಡೆಯುತ್ತದೆ, ಬಾಡು ಹಾಳಾಗುತ್ತದೆ. ತಾಮ್ರದಲ್ಲಿ ಎರಡೂ ಭಯ ಕಮ್ಮಿ. ಅದಕ್ಕೇ ನಾನು ನಾಲ್ಕಿಂಚು ಮುಂದಕ್ಕೆ ಬಂದಿದ್ದೇನೆ. ಮುಂಗಾಲಿನ ನೇರಕ್ಕೆ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಹೆಗಲ ಮೂಳೆಗೇ. ಮೂಳೆ ಸಿಕ್ಕಿದರೆ ದಳ ಇನ್ನೂ ಚೆನ್ನಾಗಿ ಬಿಚ್ಚುತ್ತದೆ, ಕಾಲು ಮುರಿದ ಎಲ್ಕ್ ದೂರ ಹೋಗೋದಿಲ್ಲ. ಮೇಜಿನ ಮೇಲಿನ 166 ಗ್ರೇನಿನ ಕಥೆ ಅದೇ. 210 ಗಜ, ಅರೆ ಎದುರಾಗಿ ನಿಂತಿದ್ದ ಗಂಡು. ಗುಂಡು ಹೆಗಲು ಒಡೆದು, ಉದ್ದಕ್ಕೆ ಮೈಯೊಳಗೆ ಸಾಗಿ, ಆ ಕಡೆಯ ತೊಡೆಯ ತೊಗಲಿನ ಕೆಳಗೆ ಸಿಕ್ಕಿತು. ಹತ್ತು ಹೆಜ್ಜೆ ಹಾಕಿರಲಿಲ್ಲ, ಬಿತ್ತು. ಪಕ್ಕಕ್ಕೆ ನಿಂತ ಎಲ್ಕ್‌ಗೆ ಹೊಡೆದ ತಾಮ್ರದ ಗುಂಡು ನನಗೆ ಯಾವತ್ತೂ ವಾಪಸ್ ಸಿಕ್ಕಿಲ್ಲ, ಎಲ್ಲವೂ ಆರುಪಾರಾಗಿ ಹೋಗಿವೆ. ಅದೂ ಒಳ್ಳೆಯದೇ, ಎರಡು ತೂತು ಇದ್ದರೆ ನೆತ್ತರ ಜಾಡು ಸಿಗುತ್ತದೆ.

ಹೊಡೆದ ಮೇಲೆ ಎಲ್ಕ್ ನಿಂತೇ ಇದ್ದರೆ ಮತ್ತೆ ಹೊಡೆಯಿರಿ. ಒಂದು ಗುಂಡಿಗೆ ಬೀಳಿಸಿದೆ ಅಂತ ಹೇಳಿಕೊಳ್ಳುವ ಆಸೆಗೆ ಕತ್ತಲಲ್ಲಿ ಕಣಿವೆ ಸುತ್ತಬೇಡಿ.

ಬಾಡು, ಮಕ್ಕಳು, ಹದ್ದು

ಒಂದು ಗಂಡು ಎಲ್ಕ್ ಅಂದರೆ ನೂರು ಕಿಲೋ ಹತ್ತಿರ ಬಾಡು. ಫ್ರೀಜರ್ ತುಂಬುತ್ತದೆ, ವರ್ಷವಿಡೀ ಸಾರು, ಹುರಿದದ್ದು, ಕೈಮ. ಸೀಸದ ಗುಂಡು ಹೊಕ್ಕ ಮೈಯನ್ನು ಎಕ್ಸ್‌ರೇ ತೆಗೆದರೆ ರಾಗಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿ ಕಾಣುತ್ತವೆ, ತೂತಿನಿಂದ ಒಂದು ಅಡಿ ಆಚೆಗೂ. ಕಣ್ಣಿಗೆ ಕಾಣದಷ್ಟು ಸಣ್ಣವು, ಹಲ್ಲಿಗೂ ಸಿಗೋದಿಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಬಂದ ಜಿಂಕೆ ಕೈಮದಲ್ಲಿ ಸೀಸ ಸಿಕ್ಕಿ ಅದನ್ನೆಲ್ಲ ಎಸೆಯಲು ಹೇಳಿದ್ದರು. ದೊಡ್ಡವರಿಗೆ ಇದರಿಂದ ಎಷ್ಟು ಕೆಡುಕು ಅಂತ ವಾದ ಮಾಡಬಹುದು, ಸಣ್ಣ ಮಕ್ಕಳಿಗೂ ಬಸುರಿಯರಿಗೂ ಸೀಸ ಕೊಡಬಾರದು ಅನ್ನೋದರಲ್ಲಿ ವಾದ ಇಲ್ಲ. ನಾನು ತಾಮ್ರಕ್ಕೆ ಬದಲಾಯಿಸಿದ್ದು ಮಗಳು ಹುಟ್ಟಿದ ವರ್ಷ. ಸೀಸವನ್ನೇ ಬಳಸುವವರು ತೂತಿನ ಸುತ್ತ ಧಾರಾಳವಾಗಿ ಕೊಯ್ದು ಬಿಸಾಡಿ, ಆ ಭಾಗವನ್ನು ಕೈಮಕ್ಕೆ ಹಾಕಲೇಬೇಡಿ. ತಾಮ್ರದಲ್ಲಿ ನೆತ್ತರು ಹೆಪ್ಪುಗಟ್ಟಿ ಕೆಟ್ಟ ಬಾಡು ಕಮ್ಮಿ, ತೂತಿನ ಅಂಚಿನವರೆಗೂ ತಿನ್ನಬಹುದು.

ನೀವು ಬಿಟ್ಟು ಬಂದ ಕರುಳು ಗುಡ್ಡೆಯನ್ನು ತಿನ್ನುವವರು ಬೇರೆ ಇದ್ದಾರೆ. ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ರಣಹದ್ದು 1982ರಲ್ಲಿ ಬರೀ 22 ಉಳಿದಿತ್ತು. ಹಿಡಿದು, ಸಾಕಿ, ಮರಿ ಮಾಡಿಸಿ, ಈಗ ಐನೂರು ದಾಟಿದೆ. ಆದರೂ ಅವು ಸಾಯುವುದಕ್ಕೆ ಮೊದಲ ಕಾರಣ ಇವತ್ತಿಗೂ ಸೀಸವೇ. ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ರಣಹದ್ದುಗಳು ದನಕ್ಕೆ ಕೊಟ್ಟ ನೋವಿನ ಔಷಧ ಡೈಕ್ಲೋಫೆನಾಕ್‌ನಿಂದ ಹೋದವು. 2006ರಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ರಾಮನಗರದ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ಅಲ್ಲಿ ಔಷಧ, ಇಲ್ಲಿ ಗುಂಡು, ದಾರಿ ಮಾತ್ರ ಒಂದೇ: ಸತ್ತದ್ದನ್ನು ತಿಂದು ಸಾಯೋದು.

ಅದಕ್ಕೇ ಕೆಲವು ಕಡೆ ಆಯ್ಕೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸ ನಿಷಿದ್ಧ. ವಯೋಮಿಂಗಿನ ಗ್ರಾಂಡ್ ಟೀಟನ್ ಪಾರ್ಕಿನೊಳಗೆ ನಡೆಯುವ ಎಲ್ಕ್ ಬೇಟೆಗೂ ಸೀಸವಿಲ್ಲದ ಗುಂಡೇ ಬೇಕು. ಅರಿಝೋನಾದಲ್ಲಿ ಕಡ್ಡಾಯ ಇಲ್ಲ. ಕಾಂಡರ್ ಇರುವ ಕೈಬಾಬ್ ಕಡೆಯ ಬೇಟೆಗಾರರಿಗೆ 2005ರಿಂದ ಸರ್ಕಾರವೇ ಪುಕ್ಕಟೆ ಸೀಸವಿಲ್ಲದ ತೋಟೆ ಕೊಡುತ್ತಾ ಬಂದಿದೆ, ಹೆಚ್ಚಿನವರು ಖುಷಿಯಿಂದ ಒಪ್ಪಿದ್ದಾರೆ. ಬಯ್ಯೋದಕ್ಕಿಂತ ಇದು ಒಳ್ಳೆ ದಾರಿ ಅಲ್ವಾ.

ದುಡ್ಡು ಮತ್ತು ತಯಾರಿ

ಇಪ್ಪತ್ತು ತಾಮ್ರದ ತೋಟೆಗೆ 50ರಿಂದ 70 ಡಾಲರ್. ಮಾಮೂಲಿ ಸೀಸದ್ದು 30-40ಕ್ಕೆ ಸಿಗುತ್ತದೆ. ಆದರೆ ಎಲ್ಕ್‌ಗೆ ತಕ್ಕ ಬೆಸೆದ ಸೀಸದ ತೋಟೆಯೂ ತಾಮ್ರದಷ್ಟೇ ದುಬಾರಿ, ಹಾಗಾಗಿ ಬೆಲೆಯ ಮಾತು ಅಷ್ಟಕ್ಕೇ ಬಿಡಿ. ಹೊರ ರಾಜ್ಯದವರಿಗೆ ಕೊಲೊರಾಡೊ ಎಲ್ಕ್ ಟ್ಯಾಗೇ (ಒಂದು ಎಲ್ಕ್ ಹೊಡೆಯುವ ಪರವಾನಗಿ) 700 ಡಾಲರಿಗೂ ಮೇಲೆ.

ನಾನು ಮೊದಲ ಸಲ ತಾಮ್ರ ಹಾಕಿ ರೇಂಜಿಗೆ ಹೋದಾಗ ನೂರು ಗಜಕ್ಕೆ ಮೂರು ಗುಂಡು ಮೂರೂವರೆ ಇಂಚು ಹರಡಿದವು. ತೋಟೆ ಕಂಪನಿಯನ್ನು ಮನಸಾರೆ ಬೈದೆ. ಪಕ್ಕದ ಬೆಂಚಿನ ಮುದುಕರೊಬ್ಬರು ನಳಿಕೆ ಯಾವಾಗ ತೊಳೆದದ್ದು ಅಂತ ಕೇಳಿದರು. ತೊಳೆದೇ ಇರಲಿಲ್ಲ. ನಾಲ್ಕು ವರ್ಷದ ಕಿಟ್ಟ ಒಳಗಿತ್ತು. ತಾಮ್ರ ಕರಗಿಸುವ ದ್ರಾವಣ ಹಾಕಿ ತಿಕ್ಕಿದರೆ ಬಟ್ಟೆ ತುಂಡುಗಳು ನೀಲಿ-ಹಸಿರು, ಪೂಜೆ ಪಾತ್ರೆಯ ಕಿಲುಬಿನ ಬಣ್ಣ. ಬಟ್ಟೆ ಬೆಳ್ಳಗೆ ಬರುವವರೆಗೆ ತಿಕ್ಕಿದೆ, ಎರಡು ಸಂಜೆ ಹಿಡಿಯಿತು. ಮುಂದಿನ ವಾರ ಅದೇ ತೋಟೆ, ಒಂದೂಕಾಲು ಇಂಚು. ಸೀಸದಿಂದ ತಾಮ್ರಕ್ಕೆ ಹೋಗುವಾಗ ಮೊದಲ ಕೆಲಸ ಇದೇ, ತೋಟೆ ಕೊಳ್ಳೋದು ಆಮೇಲೆ.

ಕೊಳ್ಳುವಾಗ ಮೊದಲು ಎರಡು ಬಗೆಯದ್ದು ಒಂದೊಂದು ಪೆಟ್ಟಿಗೆ ತನ್ನಿ. ನಿಮ್ಮ ರೈಫಲ್ ಯಾವುದನ್ನು ಒಪ್ಪುತ್ತದೋ ಅದರದ್ದೇ ಒಂದೇ ಲಾಟ್ ನಂಬರಿನ ಮೂರು ಪೆಟ್ಟಿಗೆ ತೆಗೆದಿಡಿ. ಸೆಪ್ಟೆಂಬರಿನಲ್ಲಿ ಹುಡುಕಿದರೆ ಅಂಗಡಿ ಖಾಲಿ. ಅಗ್ಗದ ಸೀಸದಲ್ಲಿ ಅಭ್ಯಾಸ ಮಾಡಿ ತಾಮ್ರದಲ್ಲಿ ಬೇಟೆ ಅನ್ನೋ ಉಪಾಯ ಬೇಡ, ಎರಡೂ ಒಂದೇ ಕಡೆ ಬೀಳೋದಿಲ್ಲ.

ವೀಸಾದ ಮೇಲೆ ಇರುವವರು ಒಂದು ವಿಷಯ ನೋಡಿಕೊಳ್ಳಿ. ಎಚ್-1ಬಿ ಥರದ ವೀಸಾದವರು ಬೇಟೆ ಲೈಸೆನ್ಸ್ ಇಲ್ಲದೆ ರೈಫಲ್ ಮಾತ್ರ ಅಲ್ಲ, ತೋಟೆ ಇಟ್ಟುಕೊಳ್ಳೋದೂ ಫೆಡರಲ್ ಅಪರಾಧ. ಲೈಸೆನ್ಸ್ ಇದ್ದರೆ ವಿನಾಯ್ತಿ ಇದೆ, ಆದರೂ ವಕೀಲರನ್ನು ಒಂದು ಮಾತು ಕೇಳಿ. ಡಿಸೆಂಬರಿನಲ್ಲಿ ಊರಿಗೆ ಹೊರಡುವವರು ಬ್ಯಾಗು, ಜಾಕೆಟ್ಟು, ಬೂಟು ಎಲ್ಲ ಜಾಡಿಸಿ ನೋಡಿ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಒಂದು ತೋಟೆ ಸಿಕ್ಕರೂ ರಜೆ ಪೂರ್ತಿ ಪೊಲೀಸ್ ಠಾಣೆ, ಕೋರ್ಟು. ನನ್ನ ಜಾಕೆಟ್ಟಿನ ಒಳಜೇಬಿನಲ್ಲಿ ಒಮ್ಮೆ ಒಂದು ಸಿಕ್ಕಿತ್ತು, ಪುಣ್ಯಕ್ಕೆ ಡೆನ್ವರಿನ ಮನೆಯಲ್ಲೇ, ಸೂಟ್‌ಕೇಸ್ ಮುಚ್ಚುವ ಮೊದಲು. ಅವತ್ತಿನಿಂದ ಬೇಟೆಯ ಜಾಕೆಟ್ ಗ್ಯಾರೇಜಿನಲ್ಲೇ ನೇತಾಡುತ್ತದೆ, ಮನೆಯೊಳಗೆ ಬರೋದಿಲ್ಲ.